ಮಡಚಿದ ಮೂಲೆ

ಕಾಸರಗೋಡು
8 ಜೂನ್ 2025

ಪ್ರೀತಿಯ ಮಾವ,

ಕಳೆದ ವಾರ ಫೋನಿನಲ್ಲಿ ನಾನು "ಸ್ಕ್ಯಾನ್ ಜಾಸ್ತಿ" ಎಂದದ್ದು ನಿಮಗೆ "ಸ್ನಾನ ಜಾಸ್ತಿ" ಎಂದು ಕೇಳಿಸಿ, "ಮಳೆಗಾಲದಲ್ಲಿ ದಿನಾ ತಲೆಗೆ ನೀರು ಹಾಕಬೇಡ, ಶೀತ ಆಗ್ತದೆ" ಎಂದು ಐದು ನಿಮಿಷ ಬೈದಿರಿ. ನಿಮ್ಮ ಕಿವಿಗೂ ಫೋನಿಗೂ ಇನ್ನು ಆಗಿಬರುವುದಿಲ್ಲ. ಸುಂದರಿ ಅತ್ತೆಯ ಮೊಬೈಲಿಗೆ ಮೆಸೇಜ್ ಕಳಿಸೋಣ ಎಂದರೆ ನೀವು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕಾಗದ. ನನ್ನ ಇಪ್ಪತ್ತೇಳು ವರ್ಷದಲ್ಲಿ ನಾನು ಬರೆಯುತ್ತಿರುವ ಮೊದಲ ಕಾಗದ ಇದು, ತಪ್ಪಿಗೆಲ್ಲ ಕೆಂಪು ಶಾಯಿ ಹಾಕಿ ವಾಪಸು ಕಳಿಸಬೇಡಿ.

"ಡಾಕ್ಟರು ನೋಡುವ ಮೊದಲೇ ಪಟ ನೋಡುವ ಯಂತ್ರ ಬಂದಿದೆಯಂತೆ, ಹೌದಾ?" ಎಂದು ಕೇಳಿದ್ದಿರಿ. ಹೌದು. ನಮ್ಮ ಆಸ್ಪತ್ರೆಯಲ್ಲಿ ನಾನು ತೆಗೆದ ತಲೆಯ ಸಿ.ಟಿ. ಸ್ಕ್ಯಾನ್ ಮಂಗಳೂರಿನಲ್ಲಿ ಕೂತ ಡಾಕ್ಟರ್ ಗೌತಮಿಯವರ ಕಂಪ್ಯೂಟರಿಗೆ ಹೋಗುತ್ತದೆ. ನಮ್ಮದೊಂದೇ ಅಲ್ಲ, ಇನ್ನೂ ಏಳು ಆಸ್ಪತ್ರೆಗಳದ್ದು ಅವರಿಗೇ. ಇಷ್ಟರವರೆಗೆ ಅವರು ಬಂದ ಸಾಲಿನಲ್ಲೇ ನೋಡುತ್ತಿದ್ದರು. ಅರ್ಜೆಂಟ್ ಎಂದು ಕಂಡರೆ ನಾನು ಫೋನ್ ಮಾಡಿ ಹೇಳುತ್ತಿದ್ದೆ. ಈಗ ನಡುವೆ ಒಂದು ಸಾಫ್ಟ್‌ವೇರ್ ಕೂತಿದೆ. ಅದು ಎರಡು ನಿಮಿಷದಲ್ಲಿ ಸ್ಕ್ಯಾನ್ ನೋಡಿ, ರಕ್ತಸ್ರಾವದ ಸಂಶಯ ಬಂದರೆ ಕೆಂಪು ಗುರುತು ಹಾಕಿ ಪಟ್ಟಿಯ ಮೇಲಕ್ಕೆ ತರುತ್ತದೆ. ಸಂಶಯ ಇಲ್ಲದ್ದು ಅದರ ಸರದಿಯಲ್ಲೇ ಉಳಿಯುತ್ತದೆ. ಡಾಕ್ಟರು ಎಲ್ಲವನ್ನೂ ನೋಡುತ್ತಾರೆ, ಆದರೆ ಯಾವುದು ಮೊದಲು ಎಂದು ಹೇಳುವುದು ಅದು.

ಮೊನ್ನೆ ಮಂಗಳವಾರ ಸ್ಕೂಟರಿನಿಂದ ಬಿದ್ದ ಒಬ್ಬರು ಟೀಚರ್ ನಗುತ್ತಾ ಒಳಗೆ ಬಂದಿದ್ದರು. ನನಗೆ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅದು ಕೆಂಪು ಹಾಕಿತು. ನೂಲಿನಷ್ಟು ರಕ್ತ ಇತ್ತು ಮಾವ! ಹನ್ನೊಂದನೆಯ ನಿಮಿಷಕ್ಕೆ ಡಾಕ್ಟರ್ ಗೌತಮಿಯವರ ಫೋನ್ ಬಂತು. ಟೀಚರ್ ಉಳಿದರು. ಆವತ್ತಿನಿಂದ ನನಗೆ ಅದರ ಮೇಲೆ ಗೌರವ ಬಂದಿದೆ.

ಜೊತೆಗೆ ಒಂದು ನಿಯಮವೂ ಬಂತು. ಇನ್ನು ನಾವು ಟೆಕ್ನೀಶಿಯನ್‌ಗಳು ಡಾಕ್ಟರಿಗೆ ಫೋನ್ ಮಾಡುವಂತಿಲ್ಲ. "ನಮ್ಮವರು, ಸ್ವಲ್ಪ ಬೇಗ ನೋಡಿ" ಎಂದು ಎಲ್ಲ ಕಡೆಯಿಂದ ಫೋನ್ ಹೋಗಿ ಅವರಿಗೆ ಸಾಕಾಗಿದೆಯಂತೆ. ಮೀರಿದರೆ ಎಚ್ಚರಿಕೆ, ಇನ್ನೊಮ್ಮೆ ಮೀರಿದರೆ ಮಾರ್ಚಿನಲ್ಲಿ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ.

ಅತ್ತೆಗೆ ಹೇಳಿ, ಬೀಡಿ ಕಟ್ಟುವಾಗ ಬೆನ್ನಿಗೆ ದಿಂಬು ಇಟ್ಟುಕೊಳ್ಳಲಿ.

ನಿಮ್ಮ,
ಭವ್ಯಶ್ರೀ


ವರ್ಕಾಡಿ
15 ಜೂನ್ 2025

ಚಿರಂಜೀವಿ ಭವ್ಯಳಿಗೆ,

ಇಲ್ಲಿ ಹೊತ್ತುಹೊತ್ತಿಗೆ ಗಂಜಿ ಆಗುತ್ತಿದೆ. ಸುಂದರಿ ಬೀಡಿ ಕಟ್ಟುತ್ತಾ ನನಗೆ ಬೈಯುತ್ತಿದ್ದಾಳೆ, ಬಾಯಿ ಆಡುವುದು ಕಾಣುತ್ತದೆ, ಶಬ್ದ ಬರುವುದಿಲ್ಲ. ಇದಕ್ಕಿಂತ ದೊಡ್ಡ ಕ್ಷೇಮ ಯಾವ ಗಂಡನಿಗೆ ಉಂಟು?

ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಆದರೂ ಎರಡು ಸಲ ಓದಿದೆ. ಓದಿ ನಗು ಬಂತು. ನಿನ್ನ ಯಂತ್ರ ಮಾಡುವ ಕೆಲಸವನ್ನು ನಾನು ಇಪ್ಪತ್ತೆಂಟು ವರ್ಷ ಎರಡು ಬೆರಳಿನಲ್ಲಿ ಮಾಡಿದವನು.

ನಮ್ಮ ಕಾಲದಲ್ಲಿ ಎಕ್ಸ್‌ರೇ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ಒದ್ದೆಯಲ್ಲೇ ಬೆಳಕಿಗೆ ಹಿಡಿದು ಮೊದಲು ನೋಡುವವ ನಾನು. ಆದರೆ ನೋಡಿದ್ದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದು ಡಾಕ್ಟರ ಅಧಿಕಾರ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಪಟದಲ್ಲಿ ಕೆಟ್ಟದ್ದು ಕಂಡರೆ ರೋಗಿಯ ಚೀಟಿಯ ಬಲಗಡೆಯ ಮೇಲಿನ ಮೂಲೆಯನ್ನು ಉಗುರಿನಷ್ಟು ಮಡಚಿ ಡಾಕ್ಟರ್ ಕೇಶವಪ್ರಸಾದರ ಬುಟ್ಟಿಯಲ್ಲಿ ಇಡುವುದು. ಅವರು ಬುಟ್ಟಿಗೆ ಕೈ ಹಾಕಿದರೆ ಮಡಚಿದ್ದೇ ಮೊದಲು ಮೇಲೆ ಬರುತ್ತಿತ್ತು. ಇದು ಎಂತದು ಲೋಕಯ್ಯ ಎಂದು ಅವರು ಯಾವತ್ತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನನಗೂ ಎರಡು ನಿಯಮ ಇತ್ತು. ಒಂದು, ಬೊಬ್ಬೆ ಹಾಕುವವನನ್ನು ನೋಡಿ ಮಡಚಬಾರದು. ಬೊಬ್ಬೆ ಹಾಕಲು ಅವನಲ್ಲಿ ಉಸಿರು ಉಂಟಲ್ಲ! ಬೆಂಚಿನ ಕೊನೆಯಲ್ಲಿ ಕೂತು "ಎಂತ ಇಲ್ಲ, ಸ್ವಲ್ಪ ತಲೆಭಾರ" ಎನ್ನುತ್ತಾರೆ ನೋಡು, ಅವರ ಪಟವನ್ನು ಎರಡು ಸಲ ನೋಡಬೇಕು. ಎರಡನೆಯದು, ನಮ್ಮವರ ಚೀಟಿಯನ್ನು ಮಡಚಲೇಬಾರದು. ಒಬ್ಬ ನೆಂಟನದ್ದು ಮಡಚಿದರೆ ನಾಳೆ ಇಡೀ ವರ್ಕಾಡಿಯೇ ನನ್ನ ನೆಂಟರು. ಆದ್ದರಿಂದ ನಿನ್ನ ಮೇಲಿನವರು ಮಾಡಿದ ನಿಯಮ ಸರಿ. ಅದನ್ನು ಮೀರಬೇಡ.

ನಿನ್ನ ಯಂತ್ರಕ್ಕೆ ನೆಂಟರಿಲ್ಲ, ಅದು ಅದರ ಪುಣ್ಯ. ಆದರೆ "ಎಂತ ಇಲ್ಲ" ಎಂದು ಕೂತವರನ್ನು ಅದು ನೋಡುತ್ತದಾ? ಕೇಳಿ ಬರೆ.

ನಿನ್ನ ಮಾವ,
ಪಟ ತೆಗೆಯುವ ಲೋಕಯ್ಯ (ನಿವೃತ್ತ)


ಕಾಸರಗೋಡು
6 ಜುಲೈ 2025

ಪ್ರೀತಿಯ ಮಾವ,

ನಿಮ್ಮ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಲಾಗಲಿಲ್ಲ, ನಾನೇ ನೋಡಿ ಬರೆಯುತ್ತಿದ್ದೇನೆ. ಅದಕ್ಕೆ ಬೊಬ್ಬೆಯೂ ಕೇಳುವುದಿಲ್ಲ, "ಎಂತ ಇಲ್ಲ" ಎನ್ನುವುದೂ ಕೇಳುವುದಿಲ್ಲ. ತಲೆಯ ಒಳಗಿನದ್ದು ಮಾತ್ರ ಕಾಣುತ್ತದೆ. ಶುಕ್ರವಾರ ಒಬ್ಬ ದೊಡ್ಡಮನುಷ್ಯರು ಹಿಂದೆ ಆರು ಜನರನ್ನು ಕಟ್ಟಿಕೊಂಡು ಬಂದು ಕ್ಯಾಶುವಾಲಿಟಿಯ ಬಾಗಿಲು ಬಡಿದರು. ಅದು ಅವರನ್ನು ಒಂಬತ್ತನೆಯವರಾಗಿ ಕೂರಿಸಿತು. ಸೊಸೆಯ ಕೈ ಹಿಡಿದು ಸುಮ್ಮನೆ ಬಂದ ಒಬ್ಬರು ಬ್ಯಾರಿ ಅಜ್ಜಿ ಮೊದಲು. ನೀವು ಇದ್ದಿದ್ದರೆ ಅದರ ಬೆನ್ನು ತಟ್ಟುತ್ತಿದ್ದಿರಿ.

ಆದರೆ ಮಾವ, ನಿಮ್ಮ ಎರಡನೆಯ ನಿಯಮ ಓದಿ ಆ ಕಾಗದವನ್ನು ಟ್ರಂಕಿನಲ್ಲಿ ಇಟ್ಟವಳು ಹತ್ತು ದಿನ ತೆಗೆಯಲಿಲ್ಲ.

ಅಮ್ಮನಿಗೆ ಜೀಪು ಬಡಿದ ದಿನ ಅವಳ ತಲೆಯ ಪಟ ತೆಗೆದದ್ದು ನೀವೇ. ಅವಳು ನಿಮ್ಮ ಸ್ವಂತ ತಂಗಿ. ಅವಳ ಚೀಟಿ ಬುಟ್ಟಿಯಲ್ಲಿ ನಾಲ್ಕನೆಯದಾಗಿತ್ತಂತೆ. ಡಾಕ್ಟರ ಕೈಗೆ ಬರುವಾಗ ಐವತ್ತು ನಿಮಿಷ ಆಗಿತ್ತಂತೆ. ಮಂಗಳೂರಿಗೆ ಕರೆದುಕೊಂಡು ಹೊರಟ ಗಾಡಿ ತಲಪಾಡಿಯ ಗಡಿ ದಾಟುವ ಮೊದಲೇ ಅವಳು ಹೋದಳು. ನನಗೆ ಆಗ ಒಂಬತ್ತು ವರ್ಷ. ದೊಡ್ಡವರು ಪಿಸುಪಿಸು ಮಾತಾಡಿದ್ದರಲ್ಲಿ ಹೆಕ್ಕಿಕೊಂಡದ್ದು ಇಷ್ಟು. ಅದರಾಚೆಗೆ ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ನನ್ನನ್ನು ಸಾಕಿದಿರಿ, ಓದಿಸಿದಿರಿ, ನಿಮ್ಮದೇ ಕೆಲಸಕ್ಕೆ ಹಚ್ಚಿದಿರಿ.

ಈಗಲೂ ನಾನು ಕೇಳುತ್ತಿಲ್ಲ. ನಿಯಮದ ಮಾತು ಬಂತಲ್ಲ, ಅದಕ್ಕೆ ಬರೆದೆ.

ಮಳೆ ಜೋರು ಉಂಟು. ಕೊಡೆ ಹಿಡಿದೇ ಹೊರಗೆ ಹೋಗಿ.

ಭವ್ಯ


ವರ್ಕಾಡಿ
10 ಆಗಸ್ಟ್ 2025

ಭವ್ಯಳಿಗೆ,

ಉತ್ತರ ತಡವಾಯಿತು. ಮಳೆಯ ಮೇಲೆ ಹಾಕಬಹುದು, ಅಂಚೆಯ ಮೇಲೆ ಹಾಕಬಹುದು. ಎರಡೂ ಸುಳ್ಳು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಎದ್ದೆ. ನೀನು ಕೇಳುತ್ತಿಲ್ಲ ಎಂದು ಬರೆದಿದ್ದೀಯಲ್ಲ, ಸದ್ಯಕ್ಕೆ ನಾನು ಅದನ್ನೇ ಹಿಡಿದುಕೊಂಡಿದ್ದೇನೆ.

ಬೇರೆ ವಿಷಯ ಹೇಳುತ್ತೇನೆ. ಶುಕ್ರವಾರ ಹಟ್ಟಿಗೆ ಹುಲ್ಲು ಹಾಕಲು ಹೋದವನು ಬಗ್ಗುವುದನ್ನು ಮರೆತು ಬಾಗಿಲಿನ ದಾರಂದಕ್ಕೆ ತಲೆ ಬಡಿಸಿಕೊಂಡೆ. ಟಣ್ ಎಂದು ಶಬ್ದ ನನಗೇ ಕೇಳಿಸಿತು! ಕಿವಿ ಸರಿಯಾಯಿತು ಎಂದು ಒಂದು ಕ್ಷಣ ಖುಷಿಪಟ್ಟೆ. ದನ ನನ್ನನ್ನು ನೋಡಿ, ಪಾಪ, ಮೆಲುಕು ಹಾಕುವುದನ್ನೇ ನಿಲ್ಲಿಸಿತು. ನೆಲ್ಲಿಕಾಯಿಯಷ್ಟು ಬಾವು ಬಂದು ಎರಡು ದಿನದಲ್ಲಿ ಇಳಿದಿದೆ. ರಕ್ತ ಬರಲಿಲ್ಲ. ಸುಂದರಿ "ಭವ್ಯನಿಗೆ ಹೇಳ್ತೇನೆ" ಎಂದು ಹೆದರಿಸುತ್ತಾಳೆ. ಅವಳು ಹೇಳುವ ಮೊದಲು ನಾನೇ ಬರೆದೆ. ಎಂತ ಇಲ್ಲ.

ಮಾವ,
ಲೋಕಯ್ಯ (ನಿವೃತ್ತ)


ವರ್ಕಾಡಿ
26 ಆಗಸ್ಟ್ 2025

ಭವ್ಯ,

ನಿನ್ನ ಕಾಗದ ಬಂದಿಲ್ಲ. ಬಂದು ನಾನು ಎಲ್ಲಿಯಾದರೂ ಇಟ್ಟಿದ್ದೇನೋ. ನಾಳೆ ಚೌತಿ. ಸುಂದರಿ ಬೆಲ್ಲ ತರಲು ಹೇಳಿದಳು, ನಾನು ಬೆಂಕಿಪೆಟ್ಟಿಗೆ ತಂದೆ. ಅವಳಿಗೆ ಸಿಟ್ಟು.

ಹೊಸ ಚಪ್ಪಲಿ ಸರಿ ಇಲ್ಲ. ಬಲಗಾಲಿನದ್ದು ಜೀಪಿನಲ್ಲೇ ಉಳಿಯಿತು. ಡ್ರೈವರ್ ಜಯಪಾಲ ಅದನ್ನು ಹಿಡಿದುಕೊಂಡು ಹಿಂದಿನಿಂದ ಓಡಿ ಬಂದ. ಅಂಗಡಿಯವರೆಗೆ ಒಂದೇ ಚಪ್ಪಲಿಯಲ್ಲಿ ಹೋಗಿದ್ದೆನಂತೆ. ರಬ್ಬರ್ ಜಾರುತ್ತದೆ. ಈಗಿನವರು ಎಂತ ಮಾಡುತ್ತಾರೋ.

ಹಗಲು ನಿದ್ದೆ ಜಾಸ್ತಿ. ನಿನಗೆ ಒಂದು ವಿಷಯ ಬರೆಯಬೇಕೆಂದು ಕೂತರೆ ಅಕ್ಷರ ಕೆಳಗೆ ಕೆಳಗೆ ಹೋಗುತ್ತದೆ. ನಾಳೆ ಚೌತಿ. ಎಂತ ಇಲ್ಲ.

ಲೋಕಯ್ಯ,
ಎಕ್ಸ್‌ರೇ ವಿಭಾಗ


ಕಾಸರಗೋಡು
9 ಸೆಪ್ಟೆಂಬರ್ 2025

ಪ್ರೀತಿಯ ಮಾವ,

ಇದನ್ನು ಅಂಚೆಗೆ ಹಾಕುತ್ತಿಲ್ಲ, ಮಂಗಳೂರಿನ ನಿಮ್ಮ ವಾರ್ಡಿಗೆ ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನೆ ನಾನು ಬಂದಾಗ "ನನಗೆ ಎಂತ ಆದದ್ದು, ಸರಿಯಾಗಿ ಹೇಳು" ಎಂದು ಕೇಳಿದಿರಿ. ನಾನು ಕೂಗಿ ಹೇಳಿದರೆ ಇಡೀ ವಾರ್ಡಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ನಿಮ್ಮ ಚೌತಿಯ ಕಾಗದ ಅದೇ ವಾರದ ಶುಕ್ರವಾರವೇ ಬಂದಿತ್ತು. ಓಣಂ ರಜೆಗೆ ಹೋದವರ ಡ್ಯೂಟಿಯೂ ನನ್ನ ತಲೆಗೆ ಬಿದ್ದಿತ್ತು. ಮಾವನ ಕಾಗದ ತಾನೇ, ಪುರುಸೊತ್ತಿನಲ್ಲಿ ನಗುತ್ತಾ ಓದೋಣ ಎಂದು ಕರೆಂಟು ಬಿಲ್ಲಿನ ಜೊತೆ ಇಟ್ಟೆ. ಆಗಸ್ಟಿನ ಕಾಗದಕ್ಕೂ ನಾನು ಉತ್ತರ ಬರೆದಿರಲಿಲ್ಲ. ನೀವು ಅಮ್ಮನ ವಿಷಯ ದಾಟಿ ಹೋದಿರೆಂದು ಸಿಟ್ಟಿತ್ತು. ಆ ಸಿಟ್ಟಿನಲ್ಲಿ, ತಲೆಗೆ ಪೆಟ್ಟು ಎಂದು ಬರೆದದ್ದನ್ನು ಓದಿಯೂ ಓದದ ಹಾಗೆ ಇದ್ದೆ. ದಿನಕ್ಕೆ ಇಪ್ಪತ್ತು ತಲೆ ಸ್ಕ್ಯಾನ್ ಮಾಡುವವಳು ನಾನು. ಹೃದಯಕ್ಕೆಂದು ನೀವು ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತೀರಿ ಎಂದೂ ನನಗೆ ಗೊತ್ತು. ಇದಕ್ಕೆ ನನಗೆ ನಾಚಿಕೆಯಾಗಬೇಕು, ಆಗುತ್ತಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಒಡೆದೆ. ಕಾಗದದ ಬಲಗಡೆಯ ಮೇಲಿನ ಮೂಲೆಯಲ್ಲಿ ಒಂದು ಗೆರೆ ಇತ್ತು, ಮಡಚಿ ಬಿಡಿಸಿದ ಹಾಗೆ. ಅಂಚೆಯಲ್ಲಿ ಆದದ್ದು ಎಂದುಕೊಂಡೆ. ಆಮೇಲೆ ಸಾಲುಗಳು ಜಾರಿಕೊಂಡು ಹೋದದ್ದು ನೋಡಿದೆ. ಚಪ್ಪಲಿ ಕಾಲಿನಿಂದ ಬಿದ್ದುಹೋದದ್ದು ಗೊತ್ತೇ ಆಗಿಲ್ಲ ಎಂದು ಓದಿದೆ. ಕೊನೆಗೆ ಸಹಿಯಲ್ಲಿ "ನಿವೃತ್ತ" ಇರಲಿಲ್ಲ. ಹದಿನೈದು ವರ್ಷದ ಹಿಂದೆ ಬಿಟ್ಟ ಕೆಲಸಕ್ಕೆ ನೀವು ಪುನಃ ಹಾಜರಾಗಿದ್ದಿರಿ. ಸಿಕ್ಕಿದ ಬಸ್ಸು ಹತ್ತಿ ವರ್ಕಾಡಿಗೆ ಬಂದೆ. ನಿಮ್ಮನ್ನು ಎಬ್ಬಿಸಿ ಜಯಪಾಲಣ್ಣನ ಜೀಪಿನಲ್ಲಿ ಕೂರಿಸುವಾಗ ನೀವು "ಎಂತ ಇಲ್ಲ ಮಾರಾಯ್ತಿ, ನನ್ನನ್ನು ಬಿಡು" ಎನ್ನುತ್ತಲೇ ಇದ್ದಿರಿ.

ನಮ್ಮ ಸಿ.ಟಿ. ರೂಮಿನ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟು ಬರುತ್ತಾರೆ. ಸ್ಕ್ಯಾನ್ ಮುಗಿಸಿ ಹೊರಗೆ ಹೋದ ನೀವು ಒಂದು ಕಾಲಿಗೆ ನಿಮ್ಮದು, ಇನ್ನೊಂದು ಕಾಲಿಗೆ ಯಾರೋ ಹೆಂಗಸಿನ ಹೂವಿನ ಚಪ್ಪಲಿ ಸಿಕ್ಕಿಸಿಕೊಂಡು ನಿಂತಿದ್ದಿರಿ. ನಾನು ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಗೆ ಕೆಂಪು ಗುರುತು ಬರಲಿಲ್ಲ. ಪಟ್ಟಿಯಲ್ಲಿ ನೀವು ಹದಿನಾಲ್ಕನೆಯವರು.

ಸಾಫ್ಟ್‌ವೇರಿಗೆ ಯಾಕೆ ಸಿಗಲಿಲ್ಲ ಎಂದು ಆಮೇಲೆ ಡಾಕ್ಟರ್ ಗೌತಮಿ ಹೇಳಿದರು. ಹೊಸ ರಕ್ತ ಬೆಳ್ಳಗೆ ಕಾಣುತ್ತದೆ, ಅದನ್ನು ಅದು ಹಿಡಿಯುತ್ತದೆ. ಮೂರೂವರೆ ವಾರ ಹಳೆಯದಾದರೆ ರಕ್ತವೂ ಮೆದುಳಿನ ಬೂದು ಬಣ್ಣಕ್ಕೇ ಬರುತ್ತದೆ. ಒಂದೇ ಬದಿ ಇದ್ದರೆ ಮೆದುಳನ್ನು ಆಚೆ ತಳ್ಳುತ್ತದೆ, ಆಗಲೂ ಗೊತ್ತಾಗುತ್ತದೆ. ನಿಮಗೆ ಎರಡೂ ಬದಿ ಸಮಸಮ ನಿಂತಿತ್ತು. ಆದರೆ ನನ್ನ ಕಣ್ಣಿಗೆ ಒಂದು ಬಿತ್ತು. ಎಪ್ಪತ್ತೊಂದರ ಮೆದುಳು ಸ್ವಲ್ಪ ಸೊರಗಿ, ಮಡಿಕೆಗಳ ನಡುವೆ ಜಾಗ ಬಿಟ್ಟಿರಬೇಕು. ನಿಮ್ಮದು ಇಪ್ಪತ್ತರ ಪ್ರಾಯದವರದ್ದರ ಹಾಗೆ ತುಂಬಿಕೊಂಡು ನುಣ್ಣಗಿತ್ತು. ನಮ್ಮ ಮಾವನಿಗೆ ಇಷ್ಟು ಒಳ್ಳೆಯ ಮೆದುಳು ಇರಲು ಸಾಧ್ಯವೇ ಇಲ್ಲ, ಎರಡೂ ಬದಿಯಿಂದ ಏನೋ ಒತ್ತಿ ಆ ಜಾಗ ಮುಚ್ಚಿರಬೇಕು ಎಂದುಕೊಂಡೆ.

ಫೋನ್ ಕೈಯಲ್ಲಿ ಹಿಡಿದು ಒಂದು ನಿಮಿಷ ನಿಂತೆ. ಸುಳ್ಳು ಹೇಳುವುದಿಲ್ಲ, ಕಾಂಟ್ರಾಕ್ಟ್ ನೆನಪಾಯಿತು. ನಿಮ್ಮ ಎರಡನೆಯ ನಿಯಮವೂ ನೆನಪಾಯಿತು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. "ಮೇಡಂ, ಹದಿನಾಲ್ಕನೆಯದ್ದು ನನ್ನ ಮಾವ. ಕೆಂಪು ಬರಲಿಲ್ಲ. ಆದರೆ ಅವರು ಬೇರೆಯವರ ಚಪ್ಪಲಿ ಹಾಕಿ ನಿಂತಿದ್ದಾರೆ" ಎಂದೆ. ಇಷ್ಟು ಹುಚ್ಚು ಮಾತನ್ನು ನಾನು ಯಾವ ಡಾಕ್ಟರಿಗೂ ಹೇಳಿದವಳಲ್ಲ. ಅವರು ಬೈಯಲಿಲ್ಲ. "ಒಂದು ನಿಮಿಷ, ತೆಗೀತಿದ್ದೇನೆ" ಎಂದರು. ಆಮೇಲೆ "ಆಂಬ್ಯುಲೆನ್ಸಿಗೆ ಹೇಳಿ, ಈಗಲೇ ಕಳಿಸಿ" ಎಂದರು.

ಆ ಸಂಜೆಯೇ ನಿಮ್ಮ ತಲೆಬುರುಡೆಗೆ ಎರಡು ಸಣ್ಣ ತೂತು ಮಾಡಿ ರಕ್ತ ಹೊರಗೆ ಬಿಟ್ಟರು. ಮರುದಿನ ಕಣ್ಣು ಬಿಟ್ಟು ನೀವು ಕೇಳಿದ್ದು "ದನಕ್ಕೆ ಹುಲ್ಲು ಹಾಕಿದವರು ಯಾರು?" ಎಂದು. ಅತ್ತೆ ಅಳುತ್ತಾ ನಕ್ಕರು. ನಾನು ಹೊರಗೆ ವರಾಂಡಕ್ಕೆ ಹೋಗಿ ಗೋಡೆಗೆ ತಲೆ ಆನಿಸಿ ಅತ್ತುಬಿಟ್ಟೆ.

ನನಗೆ ಮೆಮೋ ಬಂದಿದೆ. ಯಾಕೆ ಫೋನ್ ಮಾಡಿದ್ದು ಎಂದು ವಿವರಣೆ ಬೇಕಂತೆ. "ಅವರು ನನ್ನ ಮಾವ. ನಿಯಮ ಗೊತ್ತಿದ್ದೇ ಮಾಡಿದೆ" ಎಂದು ಬರೆದು ಕೊಟ್ಟೆ. ಬೇರೆ ಏನು ಬರೆಯಲಿ?

ಸರಿಯಾಗಿ ಊಟ ಮಾಡಿ. ನರ್ಸ್ ಹತ್ತಿರ ಜಗಳ ಮಾಡಬೇಡಿ.

ಭವ್ಯ


ವರ್ಕಾಡಿ
5 ಅಕ್ಟೋಬರ್ 2025

ಮಗಳೇ,

ಅಕ್ಷರ ನೇರ ಬರುತ್ತಿದೆ, ನೋಡಿಕೋ. ಅಡ್ಡಗೆರೆ ಇಲ್ಲದ ಹಾಳೆಯಲ್ಲೇ ಬರೆಯುತ್ತಿದ್ದೇನೆ. ಮನೆಗೆ ಬಂದು ಎರಡು ವಾರ ಆಯಿತು. ಜಯಪಾಲ ಬಾರು ಕಟ್ಟುವ ಚಪ್ಪಲಿ ತಂದುಕೊಟ್ಟು, "ಇದೂ ಬಿದ್ದರೆ ನಾನು ಓಡಿ ಬರುವುದಿಲ್ಲ ಲೋಕಯ್ಯಣ್ಣ" ಎಂದು ನನ್ನ ಕಿವಿಗೆ ಬಾಯಿಟ್ಟು ಹೇಳಿದ.

ನಿನ್ನ ಕಾಗದದಲ್ಲಿ ಒಂದು ತಪ್ಪು ಉಂಟು. ಆ ಮೂಲೆ ಅಂಚೆಯಲ್ಲಿ ಮಡಚಿದ್ದಲ್ಲ. ನಾನೇ ಮಡಚಿದ್ದು. ಆ ದಿನಗಳಲ್ಲಿ ತಲೆಯೊಳಗೆ ಮಂಜು ಕೂತ ಹಾಗೆ ಇತ್ತು, ಆದರೆ ಅದೊಂದು ಮಾತ್ರ ಸರಿಯಾಗಿ ನೆನಪಿದೆ. ಬರೆದು ಮುಗಿಸಿದ ಮೇಲೆ ಕೈ ತನ್ನಷ್ಟಕ್ಕೇ ಮಡಚಿತು. ಛೆ, ನಮ್ಮವರದ್ದೇ ಮಡಚಬಾರದು, ಇನ್ನು ನನ್ನದನ್ನು ನಾನೇ ಮಡಚುವುದಾ ಎಂದು ಬಿಡಿಸಿದೆ. ಉಗುರಿನಿಂದ ತಿಕ್ಕಿದೆ. ಗೆರೆ ಹೋಗಲಿಲ್ಲ.

ಈಗ ನೀನು ಕೇಳದೆ ಬಿಟ್ಟ ಪ್ರಶ್ನೆ.

ನಿನ್ನ ಅಮ್ಮ ವಾರಿಜಳ ಪಟವನ್ನು ನೀರಿನಿಂದ ಎತ್ತಿ ಬೆಳಕಿಗೆ ಹಿಡಿದಾಗ ಬುರುಡೆಯಲ್ಲಿ ಬಿರುಕು ಕಂಡಿತು. ಇಪ್ಪತ್ತೈದು ವರ್ಷ ಪಟ ನೋಡಿದವನಿಗೆ ಸಂಶಯ ಇರಲಿಲ್ಲ. ಚೀಟಿಯ ಮೂಲೆ ಮಡಚಿದೆ. ಹೌದು ಭವ್ಯ, ಮಡಚಿದೆ. ಮಡಚಿ ಹಿಡಿದುಕೊಂಡು ಹೊರಗೆ ಬಂದೆ. ಬೆಂಚಿನಲ್ಲಿ ಏಳೆಂಟು ಜನ, ಎಲ್ಲ ಗುರ್ತದವರು, ಇವಳು ಲೋಕಯ್ಯನ ತಂಗಿ ಎಂದು ಗೊತ್ತಿದ್ದವರು. ಎಲ್ಲರೂ ನನ್ನ ಕೈ ನೋಡುತ್ತಿದ್ದಾರೆ ಎಂದು ಕಂಡಿತು. ಬೆಂಚಿನ ಕೊನೆಯಲ್ಲಿ ಕೂತ ವಾರಿಜ ಅಂದಳು, "ಎಂತ ಇಲ್ಲ ಅಣ್ಣ, ಸ್ವಲ್ಪ ತಲೆಭಾರ. ಅವರೆಲ್ಲ ಬೆಳಿಗ್ಗೆಯೇ ಬಂದವರು, ಅವರದ್ದು ಮೊದಲು ಆಗಲಿ."

ಅಲ್ಲೇ ನಿಂತು ಮೂಲೆ ಬಿಡಿಸಿದೆ. ಬುಟ್ಟಿಯಲ್ಲಿ ಅದರ ಸರದಿಯಲ್ಲಿ ಇಟ್ಟೆ.

ಐವತ್ತು ನಿಮಿಷದ ಮೇಲೆ ಡಾಕ್ಟರು ಚೀಟಿ ಎತ್ತಿದರು. ಗೆರೆ ನೋಡಿದರು, ನನ್ನ ಮುಖ ನೋಡಿದರು. ಅವತ್ತೂ ಏನೂ ಕೇಳಲಿಲ್ಲ. ಊರಿನವರು, ಲೋಕಯ್ಯ ಸ್ವಂತ ತಂಗಿಗೂ ಸರದಿ ಮೀರಲಿಲ್ಲ, ಅಂಥ ಮನುಷ್ಯ ಎಂದರು. ಹದಿನೆಂಟು ವರ್ಷ ಆ ಮರ್ಯಾದೆಯನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ನಿಯಮಕ್ಕಾಗಿ ಬಿಡಿಸಿದ್ದಲ್ಲ ಭವ್ಯ. ನಾಲ್ಕು ಜನ ಏನೆನ್ನುತ್ತಾರೋ ಎಂದು ಹೆದರಿ ಬಿಡಿಸಿದ್ದು. ಬೇಗ ಹೊರಟಿದ್ದರೆ ಅವಳು ಉಳಿಯುತ್ತಿದ್ದಳಾ? ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನೇ ಹಿಡಿದುಕೊಂಡು ಇಷ್ಟು ವರ್ಷ ನಿನ್ನ ಮುಖ ನೋಡಿದೆ.

ನಿನ್ನ ಯಂತ್ರ ನನ್ನನ್ನು ಹದಿನಾಲ್ಕನೆಯವನಾಗಿ ಕೂರಿಸಿತಲ್ಲ, ಅದರ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಕಾಣಲಿಲ್ಲ, ಅಷ್ಟೆ. ನನಗೆ ಕಂಡಿತ್ತು.

ಈ ಕಾಗದ ಓದಿ ನೀನು ಬಾರದಿದ್ದರೆ ನಾನು ಬೇಸರ ಮಾಡುವುದಿಲ್ಲ. ಸುಂದರಿಗೂ ಇದನ್ನು ಹೇಳಿಲ್ಲ.

ಲೋಕಯ್ಯ


ಕಾಸರಗೋಡು
12 ಅಕ್ಟೋಬರ್ 2025

ಮಾವ,

ಕಾಗದ ಬುಧವಾರ ಸಿಕ್ಕಿತು. ಅವತ್ತೇ ಒಡೆದೆ, ಇನ್ನು ನಿಮ್ಮ ಕಾಗದವನ್ನು ಬಿಲ್ಲಿನ ಜೊತೆ ಇಡುವುದಿಲ್ಲ. ನಾಲ್ಕು ದಿನ ಉತ್ತರ ಬರೆಯಲಾಗಲಿಲ್ಲ. ತುಂಬ ಅತ್ತೆ. ನಿಮ್ಮ ಮೇಲೆ ಸಿಟ್ಟು ಬಂತು, ಇವತ್ತೂ ಇದೆ, ಬೇಗ ಹೋಗುವ ಹಾಗೆ ಕಾಣುವುದಿಲ್ಲ. ಎದುರಿಗೆ ಕೂತು ಜಗಳ ಮಾಡಬೇಕು. ನಿಮಗೆ ಕೇಳುವಷ್ಟು ಗಟ್ಟಿಯಾಗಿ ಮಾಡುತ್ತೇನೆ, ವರ್ಕಾಡಿಗೆಲ್ಲ ಕೇಳಿದರೂ ಕೇಳಲಿ.

ಅಮ್ಮ ಕೊನೆಗೆ ಆಡಿದ ಮಾತು ಏನೆಂದು ನನಗೆ ಇಷ್ಟರವರೆಗೆ ಯಾರೂ ಹೇಳಿರಲಿಲ್ಲ. ಅದನ್ನು ಬರೆದದ್ದು ಒಳ್ಳೆಯದಾಯಿತು.

ಎಚ್ಚರಿಕೆಯ ಕಾಗದ ನನ್ನ ಫೈಲಿನಲ್ಲಿ ಕೂತಿದೆ, ಕೂತಿರಲಿ. ಮಾರ್ಚಿನದ್ದು ಮಾರ್ಚಿನಲ್ಲಿ ನೋಡೋಣ. ಡಾಕ್ಟರ್ ಗೌತಮಿ ನಿಮ್ಮ ಸ್ಕ್ಯಾನನ್ನು ಆ ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿದ್ದಾರೆ, ಇಂಥದ್ದನ್ನೂ ನೋಡಲು ಅದಕ್ಕೆ ಕಲಿಸಿ ಎಂದು.

ಗುರುವಾರ ನಿಮ್ಮ ತಲೆಯನ್ನು ಪುನಃ ಸ್ಕ್ಯಾನ್ ಮಾಡಿ ನೋಡಬೇಕು. ಬೆಳಿಗ್ಗೆ ಏಳರ ಬಸ್ಸಿಗೆ ಅತ್ತೆಯ ಜೊತೆ ಬನ್ನಿ. ಬಾರು ಕಟ್ಟುವ ಚಪ್ಪಲಿಯನ್ನೇ ಹಾಕಿಕೊಳ್ಳಿ. ಈಗ ನಮ್ಮಲ್ಲಿ ಚೀಟಿಗೆ ಬೆಲೆ ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಆದರೂ ಹೆಸರು ಬರೆದ ಒಂದು ಚೀಟಿಯನ್ನು ರೋಗಿಯ ಕೈಗೆ ಕೊಡುತ್ತೇವೆ. ನಿಮ್ಮದರ ಮೂಲೆಯನ್ನು ನಾನು ಮಡಚಿ ಇಟ್ಟಿರುತ್ತೇನೆ. ಬೆಂಚಿನಲ್ಲಿ ಎಷ್ಟು ಜನ ನೋಡುತ್ತಿದ್ದರೂ ಸರಿ, ನೀವು ಅದನ್ನು ಬಿಡಿಸಬೇಡಿ.

ನಿಮ್ಮ ಮಗಳು,
ಭವ್ಯ